ಎರಡು ಕೇಬಲ್ ಸೇರಿಸಿದರೂ ಕಾಪಿ ವೇಗ 112ರಲ್ಲೇ ನಿಂತಿದೆ, ಯಾಕೆ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ 30 ಜನ ಇದ್ದೇವೆ. ನಾನು ಅಕೌಂಟ್ಸ್ ಓದಿದವನು, ಆದರೆ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂದಿದೆ. ರೌಟರ್‌ನಿಂದ ಸ್ವಿಚ್‌ಗೆ 1 ಗಿಗಾಬಿಟ್‌ನ ಎರಡು ಕೇಬಲ್ ಎಳೆದು ಬಾಂಡ್ ಮಾಡಿದೆ, ಅಂದರೆ ಎರಡನ್ನೂ ಒಂದೇ ಲಿಂಕ್ ಆಗಿ ಸೇರಿಸಿದೆ. ಸ್ವಿಚ್‌ನಿಂದ ಬ್ಯಾಕಪ್ ಸರ್ವರ್‌ಗೂ ಹಾಗೇ ಎರಡು ಕೇಬಲ್. ಪಿಸಿಗಳೆಲ್ಲ ಒಂದು ವಿ-ಲ್ಯಾನ್‌ನಲ್ಲಿವೆ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ), ಸರ್ವರ್ ಇನ್ನೊಂದರಲ್ಲಿದೆ. ನಡುವೆ ರೌಟಿಂಗ್ ಮಾಡುವುದು ಇದೇ ರೌಟರ್. ಬಾಂಡ್‌ನ ವೇಗ 2000 ಎಂಬಿಪಿಎಸ್ ಅಂತ ಪರದೆ ತೋರಿಸುತ್ತದೆ. ಆದರೆ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 112 ಎಂಬಿ ದಾಟುವುದಿಲ್ಲ. ಇಬ್ಬರು ಒಟ್ಟಿಗೆ ಮಾಡಿದರೆ ತಲಾ 55ಕ್ಕೆ ಇಳಿಯುತ್ತದೆ. ರೌಂಡ್ ರಾಬಿನ್ (ಎರಡು ಕೇಬಲ್‌ಗೂ ಸರದಿಯಂತೆ ಕಳಿಸುವುದು) ಮಾಡಿ ನೋಡು ಅಂತ ಗೆಳೆಯ ಹೇಳಿದ. ರೌಟರ್‌ನಲ್ಲಿ ಹಾಗೆ ಮಾಡಿದ ದಿನದಿಂದ ವಿಡಿಯೊ ಕಾಲ್‌ಗಳು ತುಂಡುತುಂಡಾಗುತ್ತಿವೆ. ಇದರ ಜೊತೆ ಎರಡು ಬೇರೆ ಬೇರೆ ಕಂಪನಿಗಳ 200 ಎಂಬಿಪಿಎಸ್ ಇಂಟರ್‌ನೆಟ್ ಕೂಡ ಅದೇ ರೌಟರ್‌ಗೆ ಬಂದಿದೆ. ಸ್ಪೀಡ್ ಟೆಸ್ಟ್ ಒಮ್ಮೆ 380 ತೋರಿಸುತ್ತದೆ, ಇನ್ನೊಮ್ಮೆ 190. ಬ್ಯಾಂಕಿನ ಸೈಟ್ ಆಗಾಗ ಲಾಗಿನ್‌ನಿಂದ ಹೊರಗೆ ಹಾಕುತ್ತದೆ. ಕೇಬಲ್ ಎಳೆದವರು ಕೇಬಲ್ಲೇ ಸರಿಯಿಲ್ಲ ಅನ್ನುತ್ತಾರೆ. ಮಾಲೀಕರು ಸುಮ್ನೆ ದುಡ್ಡು ದಂಡ ಮಾಡಿದೆಯಾ ಅಂತ ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಕೇಬಲ್ ಚೆನ್ನಾಗಿದೆ ಅಂತ ಮೊದಲು ಹೇಳಿ. ಅದಕ್ಕೆ ಸಾಕ್ಷಿ ನೀವು ಬರೆದ ಆ 112.

ಲೆಕ್ಕ ನೋಡಿ. 1 ಗಿಗಾಬಿಟ್ ಅಂದರೆ 1000 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 125 ಮೆಗಾಬೈಟ್. ಆದರೆ ಡೇಟಾ ಹೋಗುವುದು ಪ್ಯಾಕೆಟ್ ಅನ್ನುವ ಸಣ್ಣ ಸಣ್ಣ ಕಟ್ಟುಗಳಲ್ಲಿ. ಪ್ರತಿ ಪ್ಯಾಕೆಟ್ ಜೊತೆ ವಿಳಾಸದ ಹೆಡರ್‌ಗಳು ಹೋಗುತ್ತವೆ, ಎರಡು ಪ್ಯಾಕೆಟ್‌ಗಳ ನಡುವೆ ಒಂದಿಷ್ಟು ಖಾಲಿ ಜಾಗವೂ ಬೇಕು. ಮಾಮೂಲಿ 1500 ಬೈಟ್‌ನ ಪ್ಯಾಕೆಟ್‌ಗಳಲ್ಲಿ ಇದೆಲ್ಲ ಕಳೆದು ನಿಮ್ಮ ಫೈಲಿಗೆ ಉಳಿಯುವುದು ಸುಮಾರು 941 ಮೆಗಾಬಿಟ್. ಅದು ಹತ್ತಿರ ಹತ್ತಿರ 117.7 ಮೆಗಾಬೈಟ್. ವಿಂಡೋಸ್ ಒಂದು ಎಂಬಿ ಅಂದರೆ 1024ರ ಲೆಕ್ಕ ಹಿಡಿಯುವುದರಿಂದ ಪರದೆ ಮೇಲೆ 112 ಬರುತ್ತದೆ. ಅಂದರೆ ಒಂದು ಗಿಗಾಬಿಟ್ ಕೇಬಲ್ ಎಷ್ಟು ಕೊಡಬಹುದೋ ಅಷ್ಟನ್ನೂ ಕೊಡುತ್ತಿದೆ. ಕೇಬಲ್ಲಿನೊಳಗೆ ಒಂದು ತಂತಿ ಕೈಕೊಟ್ಟಿದ್ದರೆ ನಿಮಗೆ ಕಾಣುತ್ತಿದ್ದ ಅಂಕಿ ಬಹುಶಃ 11. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿಯೂ ಬೇಕು. ಜೋಡಿ ಕೆಟ್ಟರೆ ಎಷ್ಟೋ ಪೋರ್ಟ್‌ಗಳು 100ಕ್ಕೆ ಇಳಿದುಬಿಡುತ್ತವೆ, ಅದಕ್ಕೆ ಎರಡೇ ಜೋಡಿ ಸಾಕು. 100 ಮತ್ತು 1000ದ ನಡುವೆ ಅರ್ಧಂಬರ್ಧ ಅನ್ನುವುದು ಇಲ್ಲಿ ಅಪರೂಪ.

ಇನ್ನೊಂದು ಸಂಗತಿ ಕೇಳಿದರೆ ನಿಮಗೇ ನಗು ಬರಬಹುದು. ಕಾಪಿ ಮಾಡುವ ಪಿಸಿಗೆ ಎಷ್ಟು ಕೇಬಲ್ ಇದೆ? ಒಂದೇ ಅಲ್ವಾ? ಆ ಪಿಸಿಯಿಂದ ಹೊರಡುವುದೇ 1 ಗಿಗಾಬಿಟ್. ಮುಂದೆ ಎರಡಲ್ಲ, ಎಂಟು ಕೇಬಲ್ ಸೇರಿಸಿದರೂ ಒಬ್ಬ ಕಾಪಿ ಮಾಡಿದಾಗ 112 ದಾಟಲು ಸಾಧ್ಯವೇ ಇಲ್ಲ. ನಾಚಿಕೆ ಪಡಬೇಡಿ, ಈ ಟೆಸ್ಟ್ ಮಾಡಿ ಬಾಂಡ್ ಕೆಲಸ ಮಾಡುತ್ತಿಲ್ಲ ಅಂತ ತೀರ್ಮಾನಿಸಿದ ಎಂಜಿನಿಯರ್‌ಗಳನ್ನೂ ನೋಡಿದ್ದೇನೆ.

ಹಾಗಾದರೆ ಇಬ್ಬರು ಒಟ್ಟಿಗೆ ಮಾಡಿದಾಗ 112 ಮತ್ತು 112 ಬರಬೇಕಿತ್ತು, 55 ಮತ್ತು 55 ಯಾಕೆ ಬಂತು? ನಿಮ್ಮ ಪತ್ರದ ನಿಜವಾದ ಸಮಸ್ಯೆ ಇದು. ನಿಧಾನವಾಗಿ ಹೇಳುತ್ತೇನೆ.

ಲಿಂಕ್ ಅಗ್ರಿಗೇಷನ್ (ನೀವು ಮಾಡಿದ ಬಾಂಡ್) ಅಂದರೆ ಎರಡು ಕೇಬಲ್ ಸೇರಿ ಒಂದು ದಪ್ಪ ಕೇಬಲ್ ಆಗುತ್ತದೆ ಅಂತ ಸಾಮಾನ್ಯವಾಗಿ ತಿಳಿದಿರುತ್ತಾರೆ. ಪರದೆ ಮೇಲಿನ 2000 ಕೂಡ ಹಾಗೇ ನಂಬಿಸುತ್ತದೆ. ಆಗುವುದು ಬೇರೆ. ಪ್ರತಿ ಸಂಭಾಷಣೆಗೂ, ಅಂದರೆ ಈ ಯಂತ್ರದಿಂದ ಆ ಯಂತ್ರಕ್ಕೆ ಹೋಗುವ ಒಂದೊಂದು ಹರಿವಿಗೂ, ಎರಡರಲ್ಲಿ ಯಾವುದೋ ಒಂದು ಕೇಬಲ್ ಗೊತ್ತುಮಾಡಲಾಗುತ್ತದೆ. ಆ ಹರಿವಿನ ಎಲ್ಲಾ ಪ್ಯಾಕೆಟ್‌ಗಳೂ ಅದೇ ಕೇಬಲ್ಲಿನಲ್ಲಿ ಹೋಗುತ್ತವೆ. ರಸ್ತೆ ಅಗಲ ಮಾಡಿದ ಹಾಗೆ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ನನಗದು ಸಾಲದು. ರಸ್ತೆಯಲ್ಲಿ ಪಕ್ಕದ ಲೇನ್ ಖಾಲಿ ಇದ್ದರೆ ನಾವು ಅಲ್ಲಿಗೆ ನುಗ್ಗುತ್ತೇವೆ. ಇಲ್ಲಿ ನುಗ್ಗುವ ಹಾಗಿಲ್ಲ. ಪಕ್ಕದ ಕೇಬಲ್ ಪೂರ್ತಿ ಖಾಲಿ ಬಿದ್ದಿದ್ದರೂ ತನಗೆ ಗೊತ್ತುಮಾಡಿದ್ದರಲ್ಲೇ ಸಾಲು ನಿಲ್ಲಬೇಕು.

ಯಾಕೆ ಇಷ್ಟು ಕಟ್ಟುನಿಟ್ಟು? ಕ್ರಮ ತಪ್ಪಬಾರದು ಅಂತ. ಒಂದೇ ಫೈಲಿನ ಪ್ಯಾಕೆಟ್‌ಗಳನ್ನು ಎರಡು ಕೇಬಲ್‌ಗೆ ಹಂಚಿದರೆ ಐದನೆಯದು ನಾಲ್ಕನೆಯದಕ್ಕಿಂತ ಮುಂಚೆ ಬರಬಹುದು. ಆಗ ಟಿಸಿಪಿ, ಅಂದರೆ ಡೇಟಾ ಪೂರ್ತಿ ತಲುಪಿತಾ ಅಂತ ನೋಡಿಕೊಳ್ಳುವ ವ್ಯವಸ್ಥೆ, ಗಾಬರಿ ಬೀಳುತ್ತದೆ. ನನಗಿನ್ನೂ ನಾಲ್ಕನೆಯದು ಬಂದಿಲ್ಲ ಅಂತ ತೆಗೆದುಕೊಳ್ಳುವ ಕಡೆಯಿಂದ ಮೂರು ಸಲ ಮತ್ತೆ ಮತ್ತೆ ಉತ್ತರ ಬಂದರೆ, ಕಳಿಸುವವನು ಅದು ಕಳೆದೇ ಹೋಯಿತು ಅಂದುಕೊಂಡು ಇನ್ನೊಮ್ಮೆ ಕಳಿಸುತ್ತಾನೆ, ಜೊತೆಗೆ ತನ್ನ ವೇಗವನ್ನೂ ತಗ್ಗಿಸಿಕೊಳ್ಳುತ್ತಾನೆ. ಹೀಗಾಗಿ ಎರಡು ಕೇಬಲ್ ಸೇರಿ ಒಂದಕ್ಕಿಂತ ನಿಧಾನವಾಗುವ ವಿಚಿತ್ರವೂ ನಡೆಯುತ್ತದೆ. 2000ನೇ ಇಸವಿಯಲ್ಲಿ 802.3ಎಡಿ ಅನ್ನುವ ಮಾನದಂಡ ಬಂದಾಗಲೇ ಒಂದು ಸಂಭಾಷಣೆಯ ಕ್ರಮ ಕೆಡಬಾರದು ಅಂತ ಬರೆದಿಟ್ಟರು. 2008ರಲ್ಲಿ ಅದಕ್ಕೆ 802.1ಎಎಕ್ಸ್ ಅಂತ ಹೊಸ ಮನೆ ಸಿಕ್ಕಿತು, ಆದರೂ ಸೆಟ್ಟಿಂಗ್‌ಗಳಲ್ಲಿ ಹಳೇ ಹೆಸರೇ ಓಡಾಡುತ್ತಿದೆ.

ಹೆಸರಿನ ಗೊಂದಲ ಇನ್ನೂ ಇದೆ. ಇದೇ ಕೆಲಸಕ್ಕೆ ಲಿನಕ್ಸ್‌ನವರು ಬಾಂಡಿಂಗ್ ಅನ್ನುತ್ತಾರೆ, ವಿಂಡೋಸ್‌ನವರು ಟೀಮಿಂಗ್, ಸಿಸ್ಕೊದವರು ಈಥರ್‌ಚಾನೆಲ್. ಈ ಕೊನೆಯದು ಹುಟ್ಟಿದ್ದು ಕಲ್ಪನಾ ಅನ್ನುವ ಕಂಪನಿಯಲ್ಲಿ. ಮೊದಲ ಈಥರ್‌ನೆಟ್ ಸ್ವಿಚ್ ತಂದ ಕಂಪನಿಯೂ ಅದೇ. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಇನ್ನು ಟ್ರಂಕ್ ಅನ್ನುವ ಪದ ಕಂಡರೆ ಎರಡು ಸಲ ನೋಡಿ. ಕೆಲವು ಕಂಪನಿಗಳಲ್ಲಿ ಟ್ರಂಕ್ ಅಂದರೆ ಕೇಬಲ್ ಸೇರಿಸುವುದು, ಕೆಲವರಲ್ಲಿ ಹಲವು ವಿ-ಲ್ಯಾನ್‌ಗಳನ್ನು ಒಂದೇ ಕೇಬಲ್ಲಿನಲ್ಲಿ ಕಳಿಸುವುದು. ಲ್ಯಾಗ್ ಅಂತ ಬರೆದಿದ್ದರೆ ತಡ ಅಂತ ಓದಿಕೊಳ್ಳಬೇಡಿ, ಅದು ಲಿಂಕ್ ಅಗ್ರಿಗೇಷನ್ ಗ್ರೂಪ್‌ನ ಮೊದಲಕ್ಷರಗಳು.

ಈಗ ಯಾರಿಗೆ ಯಾವ ಕೇಬಲ್ ಅಂತ ಗೊತ್ತುಮಾಡುವುದು ಹೇಗೆ? ಒಂದು ಚಿಕ್ಕ ಲೆಕ್ಕದಿಂದ. ಅದಕ್ಕೆ ಹ್ಯಾಷ್ ಅನ್ನುತ್ತಾರೆ. ಲಿನಕ್ಸ್ ಮೂಲದ ರೌಟರ್‌ಗಳಲ್ಲಿ ನೀವೇನೂ ಮುಟ್ಟದಿದ್ದರೆ ಸಾಮಾನ್ಯವಾಗಿ ಇರುವುದು ಲೇಯರ್ 2 ಹ್ಯಾಷ್. ಕಳಿಸುವವರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ), ಪಡೆಯುವವರ ಮ್ಯಾಕ್ ವಿಳಾಸ ಎರಡನ್ನೂ ಬೆರೆಸಿ, ಕೇಬಲ್‌ಗಳ ಸಂಖ್ಯೆಯಿಂದ ಭಾಗಿಸಿ, ಶೇಷ ಸೊನ್ನೆ ಬಂದರೆ ಮೊದಲ ಕೇಬಲ್, ಒಂದು ಬಂದರೆ ಎರಡನೆಯದು. ಅದು ಟ್ರಾಫಿಕ್ ಎಷ್ಟಿದೆ ಅಂತ ನೋಡುವುದೇ ಇಲ್ಲ.

ಇದನ್ನು ನಿಮ್ಮ ಆಫೀಸಿಗೆ ಹಾಕಿ ನೋಡೋಣ. ಪಿಸಿಯಿಂದ ಹೊರಟ ಪ್ಯಾಕೆಟ್ ವಿ-ಲ್ಯಾನ್ ದಾಟಬೇಕು, ಹಾಗಾಗಿ ಸ್ವಿಚ್‌ನಿಂದ ಮೇಲೆ ರೌಟರ್‌ಗೆ ಹೋಗುತ್ತದೆ. ಹತ್ತುವಾಗ ಪಿಸಿ ಪಿಸಿಗೂ ಮ್ಯಾಕ್ ಬೇರೆ, ಆದ್ದರಿಂದ ಎರಡು ಕೇಬಲ್‌ಗೂ ಹಂಚಿಕೆ ಆಗುವ ಸಾಧ್ಯತೆ ಇದೆ. ರೌಟರ್ ಅದನ್ನು ಸರ್ವರ್‌ನ ವಿ-ಲ್ಯಾನ್‌ಗೆ ಹಾಕಿ ಕೆಳಗೆ ಕಳಿಸುತ್ತದೆ. ಈಗ ಪ್ಯಾಕೆಟ್ ಮೇಲಿರುವ ಮ್ಯಾಕ್‌ಗಳು ಯಾವುವು? ಕಳಿಸುವವರು: ರೌಟರ್. ಪಡೆಯುವವರು: ಸರ್ವರ್. 30 ಪಿಸಿಗಳಲ್ಲಿ ಯಾವುದರಿಂದ ಬಂದಿದ್ದರೂ ಇಳಿಯುವಾಗ ಅದೇ ಎರಡು ಮ್ಯಾಕ್. ಲೆಕ್ಕಕ್ಕೆ ಹಾಕುವ ಅಂಕಿ ಬದಲಾಗದಿದ್ದರೆ ಉತ್ತರ ಹೇಗೆ ಬದಲಾದೀತು? ಬ್ಯಾಕಪ್ ಎಲ್ಲಾ ಒಂದೇ ಕೇಬಲ್ಲಿನಲ್ಲಿ ಇಳಿಯುತ್ತದೆ. ಇನ್ನೊಂದು ಕೇಬಲ್ ಆ ದಿಕ್ಕಿನಲ್ಲಿ ಬ್ಯಾಕಪ್‌ನ ಒಂದು ಬೈಟನ್ನೂ ಹೊರುವುದಿಲ್ಲ. ಇಳಿದ ಮೇಲೆ ಸ್ವಿಚ್‌ನಿಂದ ಸರ್ವರ್‌ಗೆ ಹೋಗುವ ಜೋಡಿಯಲ್ಲೂ ಅದೇ ಕಥೆ, ಯಾಕೆಂದರೆ ಸ್ವಿಚ್ ಕೂಡ ಅದೇ ಎರಡು ಮ್ಯಾಕ್ ನೋಡಿ ಲೆಕ್ಕ ಹಾಕುತ್ತದೆ. ನಿಮ್ಮ 55 ಮತ್ತು 55 ಅಂದರೆ ಒಂದು ಕೇಬಲ್ಲಿನ 112ನ್ನು ಇಬ್ಬರು ಹಂಚಿಕೊಂಡದ್ದು, ಅಷ್ಟೇ.

ಪರಿಹಾರ ಹ್ಯಾಷ್ ಬದಲಿಸುವುದು. ಲೇಯರ್ 2+3 ಅಂತ ಇಟ್ಟರೆ ಐಪಿ ವಿಳಾಸವೂ (ಇದು ವಿ-ಲ್ಯಾನ್ ದಾಟಿದರೂ ಪಿಸಿಯದೇ ಉಳಿಯುತ್ತದೆ) ಲೆಕ್ಕಕ್ಕೆ ಸೇರುತ್ತದೆ. ಲೇಯರ್ 3+4 ಅಂತ ಇಟ್ಟರೆ ಐಪಿ ಜೊತೆ ಪೋರ್ಟ್ ಸಂಖ್ಯೆಯೂ (ಕೇಬಲ್ ಚುಚ್ಚುವ ಪೋರ್ಟ್ ಅಲ್ಲ, ಯಾವ ಪ್ರೋಗ್ರಾಂನ ಡೇಟಾ ಅಂತ ಗುರುತಿಸುವ ಸಂಖ್ಯೆ) ಸೇರುತ್ತದೆ. ಸರ್ವರ್‌ನ ಐಪಿ 10ರಲ್ಲಿ ಮುಗಿಯುತ್ತದೆ, ಎರಡು ಪಿಸಿಗಳದು 21 ಮತ್ತು 34ರಲ್ಲಿ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. ಸರಳ ಮಾಡಿ ಹೇಳುವುದಾದರೆ, ಎರಡೇ ಕೇಬಲ್ ಇರುವಾಗ ಸಮ-ಬೆಸ ಸಂಖ್ಯೆಯ ಆಟ ಇದು. 21 ಬೆಸ, 10 ಸಮ, ಎರಡನೇ ಕೇಬಲ್. 34 ಸಮ, 10 ಸಮ, ಮೊದಲನೇ ಕೇಬಲ್. ಹಂಚಿಕೆ ಆಯಿತು. 21ರ ಬದಲು 22 ಇದ್ದಿದ್ದರೆ? ಇಬ್ಬರೂ ಮೊದಲನೇ ಕೇಬಲ್‌ಗೇ ಬೀಳುತ್ತಿದ್ದರು. ನಿಜವಾದ ಲೆಕ್ಕ ಇನ್ನೂ ಸ್ವಲ್ಪ ಕಲಸಿಬಿಡುತ್ತದೆ, ಆದರೆ ಸ್ವಭಾವ ಇದೇ. ಇದು ಚೀಟಿ ಎತ್ತಿದ ಹಾಗೆ. ಇಬ್ಬರೇ ಇದ್ದರೆ ಒಂದೇ ಕೇಬಲ್‌ಗೆ ಬೀಳುವ ಸಾಧ್ಯತೆ ಅರ್ಧಕ್ಕರ್ಧ. ನಾಲ್ವರಿದ್ದರೆ ಎಲ್ಲರೂ ಒಂದೇ ಕಡೆ ಬೀಳುವುದು ಎಂಟರಲ್ಲಿ ಒಂದು ಸಲ. ಜನ ಜಾಸ್ತಿ ಆದಷ್ಟೂ ಬಾಂಡ್ ತನ್ನ ಬೆಲೆ ತೋರಿಸುತ್ತದೆ. ಒಬ್ಬಿಬ್ಬರಿಗೆ ಅದು ಅದೃಷ್ಟ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಪ್ರತಿ ತುದಿಯೂ ತಾನು ಕಳಿಸುವುದಕ್ಕೆ ಮಾತ್ರ ಲೆಕ್ಕ ಹಾಕುತ್ತದೆ. ರೌಟರ್‌ನಲ್ಲಿ ಹ್ಯಾಷ್ ಬದಲಿಸಿದರೆ ರೌಟರ್‌ನಿಂದ ಇಳಿಯುವುದು ಮಾತ್ರ ಸರಿಹೋಗುತ್ತದೆ. ಸ್ವಿಚ್‌ನಿಂದ ಸರ್ವರ್‌ಗೆ ಹೋಗುವುದನ್ನು ಸ್ವಿಚ್‌ನಲ್ಲಿ ಬದಲಿಸಬೇಕು. ಬ್ಯಾಕಪ್ ವಾಪಸ್ ತೆಗೆಯುವಾಗ ಸರ್ವರ್‌ನಿಂದ ಹೊರಡುವುದನ್ನು ಸರ್ವರ್‌ನಲ್ಲೇ ಬದಲಿಸಬೇಕು. ಎರಡು ತುದಿಯಲ್ಲೂ ಒಂದೇ ಹ್ಯಾಷ್ ಇರಲೇಬೇಕು ಅನ್ನುವುದು ಸುಳ್ಳು ನಂಬಿಕೆ, ಬೇರೆ ಬೇರೆ ಇದ್ದರೂ ಬಾಂಡ್ ಸರಿಯಾಗೇ ನಡೆಯುತ್ತದೆ. ಆದರೆ ಎಲ್ಲಾ ಕಡೆ ಸರಿಯಾದದ್ದೇ ಇರಬೇಕು. ಕೆಲವು ಅಗ್ಗದ ಸ್ವಿಚ್‌ಗಳಲ್ಲಿ ಮ್ಯಾಕ್ ಹ್ಯಾಷ್ ಬಿಟ್ಟು ಬೇರೆ ಆಯ್ಕೆಯೇ ಇರುವುದಿಲ್ಲ. ನಿಮ್ಮದು ಹಾಗಿದ್ದರೆ ಸರ್ವರ್ ಮತ್ತು ಪಿಸಿಗಳನ್ನು ಒಂದೇ ವಿ-ಲ್ಯಾನ್‌ಗೆ ತಂದುಬಿಡಿ. ಆಗ ರೌಟರ್ ನಡುವೆ ಬರುವುದಿಲ್ಲ, ಪಿಸಿಗಳ ಮ್ಯಾಕ್‌ಗಳು ಹಾಗೇ ಸ್ವಿಚ್‌ಗೆ ಕಾಣುತ್ತವೆ. ಬೇರ್ಪಡಿಸಿದ್ದರ ಸುರಕ್ಷತೆ ಸ್ವಲ್ಪ ಹೋಗುತ್ತದೆ. ಬ್ಯಾಕಪ್ ಸರ್ವರ್ ವಿಷಯದಲ್ಲಿ ನಾನಾದರೆ ಹಿಂಜರಿಯುತ್ತೇನೆ. ಪಿಸಿಗೆ ವೈರಸ್ ಹೊಕ್ಕಾಗ ಅದು ಮೊದಲು ಹುಡುಕುವುದೇ ಬ್ಯಾಕಪ್.

ಲೇಯರ್ 3+4ಕ್ಕೆ ಒಂದು ಸಣ್ಣ ಕೊಂಕು ಇದೆ. ದೊಡ್ಡ ಪ್ಯಾಕೆಟ್ ದಾರಿಯಲ್ಲಿ ತುಂಡಾದರೆ ಮೊದಲ ತುಂಡಿನಲ್ಲಿ ಮಾತ್ರ ಪೋರ್ಟ್ ಸಂಖ್ಯೆ ಇರುತ್ತದೆ. ಅದಕ್ಕೇ ಲಿನಕ್ಸ್ ತುಂಡಾದ ಪ್ಯಾಕೆಟ್‌ಗಳಿಗೆ ಪೋರ್ಟ್ ಬಿಟ್ಟು ಐಪಿ ಮಾತ್ರ ನೋಡಿ ಕೇಬಲ್ ಆರಿಸುತ್ತದೆ. ಒಂದೇ ಹರಿವಿನಲ್ಲಿ ಇಡೀ ಪ್ಯಾಕೆಟ್‌ಗಳೂ ತುಂಡುಗಳೂ ಬೆರೆತಿದ್ದರೆ ಅವು ಬೇರೆ ಬೇರೆ ಕೇಬಲ್ ಹಿಡಿದು ಕ್ರಮ ತಪ್ಪಬಹುದು. ಇದು ಮಾನದಂಡಕ್ಕೆ ಪೂರ್ತಿ ಹೊಂದುವುದಿಲ್ಲ ಅಂತ ಲಿನಕ್ಸ್‌ನ ಕೈಪಿಡಿಯಲ್ಲೇ ಬರೆದಿದ್ದಾರೆ. ಮಾಮೂಲಿ ಆಫೀಸ್ ಕೆಲಸದಲ್ಲಿ ಪ್ಯಾಕೆಟ್ ತುಂಡಾಗುವುದೇ ಕಡಿಮೆ. ನಾನು ಇದನ್ನೇ ಹಾಕುತ್ತೇನೆ.

ಈಗ ರೌಂಡ್ ರಾಬಿನ್. ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ತಪ್ಪಲ್ಲ. ಒಂದೇ ಹರಿವನ್ನು ಎರಡು ಕೇಬಲ್‌ಗೆ ಹಂಚುವ ಮೋಡ್ ಅದೊಂದೇ. ಒಂದು ಪ್ಯಾಕೆಟ್ ಇದಕ್ಕೆ, ಇನ್ನೊಂದು ಅದಕ್ಕೆ. ಆದರೆ ಕಾಲ್ ತುಂಡಾಗಲು ಕಾರಣ ಕ್ರಮ ತಪ್ಪಿದ್ದು ಮಾತ್ರ ಅಂತ ನನಗನಿಸುವುದಿಲ್ಲ. ಒಂದೇ ಉದ್ದದ ಎರಡು ಗಿಗಾಬಿಟ್ ಕೇಬಲ್‌ಗಳಲ್ಲಿ ಕ್ರಮ ತಪ್ಪಿದರೂ ಕಾಲ್ ಹಾಳಾಗುವಷ್ಟು ತಪ್ಪುವುದಿಲ್ಲ. ನೀವು ಬದಲಿಸಿದ್ದು ರೌಟರ್ ಒಂದರಲ್ಲೇ ಅಲ್ವಾ? ಸ್ವಿಚ್ ಇನ್ನೂ ಎಲ್‌ಎಸಿಪಿಯಲ್ಲೇ ಇರಬೇಕು. ಎಲ್‌ಎಸಿಪಿ ಅಂದರೆ ನಾವಿಬ್ಬರೂ ಒಂದೇ ಬಾಂಡ್‌ನಲ್ಲಿದ್ದೇವೆ ಅಂತ ಎರಡು ತುದಿಗಳು ಆಗಾಗ ಮಾತಾಡಿಕೊಳ್ಳುವ ಭಾಷೆ. ರೌಂಡ್ ರಾಬಿನ್‌ಗೆ ಹೋದ ರೌಟರ್ ಆ ಭಾಷೆ ನಿಲ್ಲಿಸಿತು. ಉತ್ತರ ಬಾರದ ಸ್ವಿಚ್ ಕೆಲವು ಮಾಡೆಲ್‌ಗಳಲ್ಲಿ ಪೋರ್ಟನ್ನೇ ನಿಲ್ಲಿಸುತ್ತದೆ. ಇನ್ನು ಕೆಲವದರಲ್ಲಿ ಎರಡನ್ನೂ ಬಿಡಿ ಪೋರ್ಟ್‌ಗಳಂತೆ ನೋಡುತ್ತದೆ. ಆಗ ರೌಟರ್‌ನ ಒಂದೇ ಮ್ಯಾಕ್ ಒಂದು ಕ್ಷಣ ಈ ಪೋರ್ಟ್‌ನಲ್ಲಿ, ಮರುಕ್ಷಣ ಆ ಪೋರ್ಟ್‌ನಲ್ಲಿ ಕಾಣುತ್ತದೆ. ಸ್ವಿಚ್‌ನ ಲಾಗ್ ತೆಗೆದು ನೋಡಿ. ಮ್ಯಾಕ್ ಫ್ಲಾಪಿಂಗ್ ಅಂತಲೋ ಮ್ಯಾಕ್ ಮೂವ್ ಅಂತಲೋ ಸಾಲುಸಾಲು ಬಂದಿದ್ದರೆ ನನ್ನ ಊಹೆ ಸರಿ. ಮೊದಲು 802.3ಎಡಿಗೆ, ಅಂದರೆ ಎಲ್‌ಎಸಿಪಿ ಇರುವ ಮೋಡ್‌ಗೆ, ವಾಪಸ್ ಹೋಗಿ, ಕಾಲ್ ಸರಿಹೋಗುತ್ತದೆ.

ಅವಸರದಲ್ಲಿ ಎಲ್‌ಎಸಿಪಿ ಬಿಟ್ಟು ಸ್ಟಾಟಿಕ್ ಬಾಂಡ್ ಮಾಡುವವರೂ ಇದ್ದಾರೆ. ಎರಡು ತುದಿಯಲ್ಲೂ ಆನ್ ಅಂತ ಹಾಕಿದರೆ ಮುಗಿಯಿತು, ಮಾತುಕತೆಯ ರಗಳೆ ಇಲ್ಲ. ಒಮ್ಮೆ ನಾನೂ ಹಾಗೆ ಮಾಡಿ ಒಂದು ಪೂರ್ತಿ ದಿನ ಕಳೆದುಕೊಂಡೆ. ಎರಡು ಕಟ್ಟಡಗಳ ನಡುವೆ ಫೈಬರ್, ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ತಾಮ್ರದ ಕೇಬಲ್ ಬೆಸೆಯುವ ಡಬ್ಬಿ). ನಡುವೆ ಎಲ್ಲೋ ಒಂದು ಫೈಬರ್ ತುಂಡಾಯಿತು. ಆದರೆ ಸ್ವಿಚ್‌ನಿಂದ ಕನ್ವರ್ಟರ್‌ವರೆಗಿನ ತಾಮ್ರದ ಕೇಬಲ್ ಚೆನ್ನಾಗೇ ಇತ್ತು, ಹಸಿರು ದೀಪ ಉರಿಯುತ್ತಲೇ ಇತ್ತು. ಲಿಂಕ್ ಇದೆ ಅಂತ ನಂಬಿದ ಸ್ವಿಚ್ ಅರ್ಧ ಹರಿವುಗಳನ್ನು ಆ ಸತ್ತ ದಾರಿಗೇ ತಳ್ಳುತ್ತಿತ್ತು. ಬಂದ ದೂರುಗಳು ಹೇಗಿದ್ದವು ಗೊತ್ತಾ? ಒಬ್ಬರಿಗೆ ಮೇಲ್ ಬರುತ್ತದೆ, ಪ್ರಿಂಟರ್ ಸಿಗುವುದಿಲ್ಲ. ಪಕ್ಕದವರಿಗೆ ಪ್ರಿಂಟರ್ ಸಿಗುತ್ತದೆ, ಮೇಲ್ ಬರುವುದಿಲ್ಲ. ನಾನು ಪಿಂಗ್ ಮಾಡಿದರೆ (ಇದ್ದೀಯಾ ಅಂತ ಪ್ಯಾಕೆಟ್ ಕಳಿಸಿ ಕೇಳುವುದು) ಎಲ್ಲಾ ಸರಿಯಾಗಿದೆ. ನನ್ನ ಲ್ಯಾಪ್‌ಟಾಪ್‌ನ ಹ್ಯಾಷ್ ಬದುಕಿದ್ದ ಕೇಬಲ್‌ಗೆ ಬಿದ್ದಿತ್ತು! ಎಲ್‌ಎಸಿಪಿ ಇದ್ದಿದ್ದರೆ ಆಚೆಯಿಂದ ಮಾತು ನಿಂತಾಗ ತಾನೇ ಆ ಕೇಬಲ್ಲನ್ನು ಬಾಂಡ್‌ನಿಂದ ತೆಗೆದುಹಾಕುತ್ತಿತ್ತು. ಸ್ಲೋ ಅಂತಿದ್ದರೆ 30 ಸೆಕೆಂಡಿಗೊಮ್ಮೆ ಮಾತಾಡುತ್ತದೆ, ಮೂರು ಸಲ ತಪ್ಪಿದರೆ, ಅಂದರೆ 90 ಸೆಕೆಂಡಿಗೆ, ಕೈಬಿಡುತ್ತದೆ. ಫಾಸ್ಟ್ ಅಂತಿದ್ದರೆ ಸೆಕೆಂಡಿಗೊಮ್ಮೆ, ಮೂರೇ ಸೆಕೆಂಡಿನಲ್ಲಿ ಕೈಬಿಡುತ್ತದೆ. ಫಾಸ್ಟ್ ಹಾಕಿ. ಒಂದು ತುದಿಯನ್ನಾದರೂ ಆಕ್ಟಿವ್ ಮಾಡಿ. ಎರಡೂ ಪ್ಯಾಸಿವ್ ಆದರೆ ನೀನು ಮೊದಲು ಮಾತಾಡು ಅಂತ ಇಬ್ಬರೂ ಕಾಯುತ್ತಾ ಕೂರುತ್ತಾರೆ, ಬಾಂಡ್ ಆಗುವುದೇ ಇಲ್ಲ.

ಬಾಂಡ್ ನಿಜವಾಗಿ ಆಗಿದೆಯಾ ಅಂತ ನೋಡುವುದು ಸುಲಭ. ಸರ್ವರ್ ಲಿನಕ್ಸ್ ಆಗಿದ್ದರೆ ಪ್ರಾಕ್ ಫೋಲ್ಡರ್‌ನೊಳಗೆ ನೆಟ್, ಅದರೊಳಗೆ ಬಾಂಡಿಂಗ್ ಅಂತ ಇರುತ್ತದೆ. ಅಲ್ಲಿ ನಿಮ್ಮ ಬಾಂಡ್ ಹೆಸರಿನ ಫೈಲ್ ತೆರೆಯಿರಿ. ಎರಡೇ ಸಾಲು ಸಾಕು. ಪಾರ್ಟ್‌ನರ್ ಮ್ಯಾಕ್ ಎದುರು ಬರೀ ಸೊನ್ನೆಗಳಿದ್ದರೆ ಆಚೆ ತುದಿ ಎಲ್‌ಎಸಿಪಿ ಮಾತಾಡುತ್ತಲೇ ಇಲ್ಲ. ಎರಡು ಪೋರ್ಟ್‌ಗಳ ಅಗ್ರಿಗೇಟರ್ ಐಡಿ ಬೇರೆ ಬೇರೆ ಇದ್ದರೆ ಅವು ಒಂದೇ ಬಾಂಡ್‌ನಲ್ಲಿಲ್ಲ, ಒಂದು ಸುಮ್ನೆ ಕೂತಿದೆ. ಆಮೇಲೆ ಸ್ವಿಚ್‌ನಲ್ಲಿ ಪ್ರತಿ ಪೋರ್ಟ್‌ನ ಬೈಟ್ ಎಣಿಕೆ ನೋಡಿ. ಬ್ಯಾಕಪ್ ನಡೆಯುವಾಗ ಒಂದು ಓಡುತ್ತಾ ಇನ್ನೊಂದು ನಿಂತಿದ್ದರೆ ಹ್ಯಾಷ್ ಕಥೆ ಕಣ್ಣೆದುರೇ ಕಾಣುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ ನನ್ನ ಮನಸ್ಸಿನ ಮಾತು: ನಿಮಗೆ ಬ್ಯಾಕಪ್ ವೇಗ ಬೇಕಿದ್ದರೆ ಬಾಂಡ್ ಎರಡನೇ ದಾರಿ. ಮೊದಲ ದಾರಿ ವೇಗದ ಒಂದೇ ಕೇಬಲ್. 2016ರಲ್ಲಿ ಬಂದ 802.3ಬಿಜೆಡ್ ಮಾನದಂಡದಿಂದ ಹಳೇ ಕ್ಯಾಟ್5ಇ ಕೇಬಲ್ಲಿನಲ್ಲೇ 100 ಮೀಟರ್‌ವರೆಗೆ 2.5 ಗಿಗಾಬಿಟ್ ಓಡುತ್ತದೆ. ಗೋಡೆ ಒಡೆಯಬೇಕಿಲ್ಲ. ಸ್ವಿಚ್, ಸರ್ವರ್ ಕಾರ್ಡ್, ರೌಟರ್‌ನಲ್ಲಿ ಆ ಪೋರ್ಟ್ ಇರಬೇಕು, ಖರ್ಚು ಅಲ್ಲಿ. ಆದರೆ ಹ್ಯಾಷ್ ಇಲ್ಲ, ಚೀಟಿ ಎತ್ತುವುದಿಲ್ಲ, ಇಬ್ಬರು ಬಂದರೆ ಇಬ್ಬರಿಗೂ ಪೂರ್ತಿ 112 ಸಿಗುತ್ತದೆ. ಸರ್ವರ್ ವಿಂಡೋಸ್ ಆಗಿದ್ದರೆ ಇನ್ನೊಂದು ಆಯ್ಕೆ ಎಸ್‌ಎಂಬಿ ಮಲ್ಟಿಚಾನೆಲ್ (ಎಸ್‌ಎಂಬಿ ಅಂದರೆ ವಿಂಡೋಸ್ ಫೈಲ್ ಹಂಚುವ ವಿಧಾನ). ವಿಂಡೋಸ್ 8 ಮತ್ತು ಸರ್ವರ್ 2012ರ ಕಾಲದಿಂದ ಇದೆ. ಎರಡು ಪೋರ್ಟ್‌ಗಳನ್ನು ಬಾಂಡ್ ಮಾಡದೆ ಹಾಗೇ ಬಿಟ್ಟರೆ ಫೈಲ್ ಕಾಪಿಯೇ ಎರಡರಲ್ಲೂ ಕನೆಕ್ಷನ್ ತೆರೆದು ಹಂಚಿಕೊಳ್ಳುತ್ತದೆ. ಅದೂ ಪಿಸಿಯ ಕಡೆಯ ಒಂದು ಗಿಗಾಬಿಟ್ ಮಿತಿಯನ್ನು ಮೀರುವುದಿಲ್ಲ ಅನ್ನುವುದನ್ನು ಮರೆಯಬೇಡಿ.

ಹಾಗಂತ ಬಾಂಡ್ ಕೀಳಬೇಡಿ. ಒಂದು ಕೇಬಲ್ ಹೋದರೂ ಆಫೀಸ್ ನಡೆಯುತ್ತದಲ್ಲ, ಮಾಲೀಕರಿಗೆ ಹೇಳಬೇಕಾದದ್ದು ಆ ಮಾತು.

ಇನ್ನು ಇಂಟರ್‌ನೆಟ್. ಇದು ಬೇರೆಯೇ ಪ್ರಾಣಿ. ಎರಡು ಕಂಪನಿಗಳ ಲಿಂಕ್‌ಗಳನ್ನು ನಿಮ್ಮ ರೌಟರ್ ಸೇರಿಸುತ್ತಿಲ್ಲ, ಹಂಚುತ್ತಿದೆ. ಒಂದು ಟಿಸಿಪಿ ಕನೆಕ್ಷನ್ ಗುರುತಾಗುವುದು ನಾಲ್ಕು ಅಂಕಿಗಳಿಂದ: ಎರಡು ತುದಿಯ ಐಪಿ, ಎರಡು ತುದಿಯ ಪೋರ್ಟ್. ಮೊದಲ ಕಂಪನಿಯ ಲಿಂಕ್‌ನಿಂದ ಹೊರಟರೆ ಅವರ ಐಪಿ, ಎರಡನೆಯದರಿಂದ ಹೊರಟರೆ ಇವರ ಐಪಿ. ಒಂದೇ ಕನೆಕ್ಷನ್‌ನ ಅರ್ಧ ಪ್ಯಾಕೆಟ್‌ಗಳು ಬೇರೆ ಐಪಿಯಿಂದ ಬಂದರೆ ಆಚೆಯ ಸರ್ವರ್ ಇವರು ಯಾರೋ ಅಪರಿಚಿತರು ಅಂತ ತಳ್ಳಿಹಾಕುತ್ತದೆ. ಆದ್ದರಿಂದ ರೌಟರ್ ಒಂದೊಂದು ಕನೆಕ್ಷನ್ನನ್ನು ಇಡಿಯಾಗಿ ಒಂದೊಂದು ಲಿಂಕ್‌ಗೆ ಕೊಡುತ್ತದೆ. ಸ್ಪೀಡ್ ಟೆಸ್ಟ್ ಹಲವು ಕನೆಕ್ಷನ್ ಒಟ್ಟಿಗೆ ತೆರೆದಾಗ ಎರಡೂ ಲಿಂಕ್ ತುಂಬಿ 380 ಬರುತ್ತದೆ. ಒಂದೇ ಕನೆಕ್ಷನ್ ತೆರೆದರೆ, ಅಥವಾ ಎಲ್ಲವೂ ಒಂದೇ ಕಡೆ ಬಿದ್ದರೆ, 190. ಎರಡೂ ಅಂಕಿ ಸರಿಯಾಗಿಯೇ ಇವೆ.

ಬ್ಯಾಂಕ್ ಸೈಟ್ ಹೊರಗೆ ಹಾಕುವುದಕ್ಕೂ ಇದೇ ಮೂಲ. ಲಾಗಿನ್ ಆಗಿದ್ದು ಒಂದು ಐಪಿಯಿಂದ, ಮುಂದಿನ ಪುಟ ಕೇಳಿದ್ದು ಇನ್ನೊಂದರಿಂದ. ಯಾರೋ ಸೆಷನ್ ಕದ್ದರು ಅಂತ ಸೈಟ್ ಬಾಗಿಲು ಹಾಕುತ್ತದೆ. ರೌಟರ್‌ನಲ್ಲಿ ಹಂಚಿಕೆಯನ್ನು ಕನೆಕ್ಷನ್ ಪ್ರಕಾರ ಮಾಡುವ ಬದಲು ಪಿಸಿಯ ಐಪಿ ಪ್ರಕಾರ ಮಾಡಿ. ಸ್ಟಿಕಿ ಅಥವಾ ಸೋರ್ಸ್ ಅಡ್ರೆಸ್ ಅಂತ ಆಯ್ಕೆ ಇರುತ್ತದೆ. ಆಗ ಒಂದು ಪಿಸಿ ಯಾವಾಗಲೂ ಒಂದೇ ಲಿಂಕ್ ಹಿಡಿಯುತ್ತದೆ. ಒಬ್ಬರಿಗೆ 380 ಸಿಗುವುದು ನಿಲ್ಲುತ್ತದೆ, ಆದರೆ 30 ಜನರ ನಡುವೆ ಹಂಚಿಕೆ ಚೆನ್ನಾಗಿರುತ್ತದೆ. ನನ್ನ ಮತ ಇದಕ್ಕೇ. ಪಿಸಿಗಳ ಹಂಚಿಕೆ ಬದಲಿಸಲು ಇಷ್ಟವಿಲ್ಲದಿದ್ದರೆ ಬ್ಯಾಂಕ್, ವಿಪಿಎನ್, ಕಾಲ್‌ಗಳಿಗೆ ಮಾತ್ರ ಒಂದು ಲಿಂಕ್ ಅಂತ ನಿಯಮ ಬರೆಯಿರಿ. ಆ ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ಅದೊಂದು ತಲೆನೋವು.

ಎರಡು ಲಿಂಕ್ ನಿಜವಾಗಿ ಸೇರಿ ಒಂದಾಗಲು ದಾರಿಯೇ ಇಲ್ಲವಾ? ಇದೆ, ಆದರೆ ಆಚೆ ತುದಿಯಲ್ಲಿ ಕೂಡಿಸಿಕೊಳ್ಳುವವರು ಒಬ್ಬರು ಬೇಕು. ಹಿಂದೆ ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನ್) ಕಾಲದಲ್ಲಿ 64 ಕಿಲೋಬಿಟ್‌ನ ಎರಡು ಚಾನೆಲ್ ಸೇರಿಸಿ 128 ಮಾಡುತ್ತಿದ್ದುದು ಮಲ್ಟಿಲಿಂಕ್ ಪಿಪಿಪಿಯಿಂದ. ಅದರ ವಿವರ ಇರುವುದು ಆರ್‌ಎಫ್‌ಸಿ ಅನ್ನುವ ಇಂಟರ್‌ನೆಟ್ ದಾಖಲೆಗಳ ಸಾಲಿನ 1990ರಲ್ಲಿ. ಅದು ಇಸವಿ ಅಲ್ಲ, ದಾಖಲೆಯ ಸಂಖ್ಯೆ. ದಾಖಲೆ ಬಂದದ್ದು 1996ರಲ್ಲಿ. ಪ್ರತಿ ತುಂಡಿಗೂ ಕ್ರಮಸಂಖ್ಯೆ ಹಾಕಿ ಕಳಿಸಿ ಆಚೆ ಜೋಡಿಸಿಕೊಳ್ಳುವ ಉಪಾಯ ಅದು. ಎರಡೂ ಲಿಂಕ್ ಒಂದೇ ಕಂಪನಿಯದಾಗಿ, ಅವರು ತಮ್ಮ ಕಡೆ ಅದನ್ನು ಹಾಕಿಕೊಟ್ಟರೆ ಮಾತ್ರ ಆಗುತ್ತದೆ. ನಿಮ್ಮವು ಬೇರೆ ಬೇರೆ ಕಂಪನಿ, ಈ ಬಾಗಿಲು ಮುಚ್ಚಿದೆ.

ಇನ್ನೊಂದು ಮಲ್ಟಿಪಾತ್ ಟಿಸಿಪಿ. ಇದರಲ್ಲಿ ಒಂದೇ ಕನೆಕ್ಷನ್ ಹಲವು ಐಪಿಗಳಿಂದ ಹೋಗಬಹುದು. 2013ರಲ್ಲಿ ಐಓಎಸ್ 7ರ ಸಿರಿಗೆ ಆಪಲ್ ಇದನ್ನು ಬಳಸಿತು. 2020ರಲ್ಲಿ ಲಿನಕ್ಸ್‌ನ 5.6 ಕರ್ನಲ್‌ಗೂ ಸೇರಿತು. ತೊಂದರೆ ಏನೆಂದರೆ ಎರಡು ತುದಿಗೂ ಈ ಭಾಷೆ ಬರಬೇಕು, ಹೆಚ್ಚಿನ ವೆಬ್‌ಸೈಟ್‌ಗಳಿಗೆ ಬರುವುದಿಲ್ಲ. ಹಾಗಾಗಿ ಡೇಟಾ ಸೆಂಟರ್‌ನಲ್ಲಿ ಒಂದು ಬಾಡಿಗೆ ಸರ್ವರ್ ಹಿಡಿದು, ಎರಡು ಲಿಂಕ್‌ನಿಂದಲೂ ಅಲ್ಲಿಗೆ ಟನೆಲ್ (ಒಂದು ಪ್ಯಾಕೆಟ್‌ನೊಳಗೆ ಇನ್ನೊಂದನ್ನು ಇಟ್ಟು ಕಳಿಸುವ ದಾರಿ) ಹಾಕಿ, ಅಲ್ಲಿ ಕೂಡಿಸಿ ಹೊರಗೆ ಕಳಿಸುತ್ತಾರೆ. ಓಪನ್‌ಎಂಪಿಟಿಸಿಪಿರೌಟರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೇ ಕೆಲಸಕ್ಕೆ ಇದೆ. ಅಪಾಯಗಳನ್ನೂ ಕೇಳಿ. ನಿಮ್ಮ ಇಡೀ ಇಂಟರ್‌ನೆಟ್ ಆ ಒಂದು ಸರ್ವರ್ ಮೇಲೆ ನಿಲ್ಲುತ್ತದೆ. ಅದು ದೂರದಲ್ಲಿದ್ದರೆ ಪ್ರತಿ ಕ್ಲಿಕ್ಕಿಗೂ ತಡ. ಡೇಟಾ ಸೆಂಟರ್‌ನ ಐಪಿ ಕಂಡರೆ ಕೆಲವು ಸೈಟ್‌ಗಳು ಅನುಮಾನಿಸುತ್ತವೆ, ಬ್ಯಾಂಕ್‌ನ ರಗಳೆ ಹೊಸ ವೇಷದಲ್ಲಿ ವಾಪಸ್ ಬರಬಹುದು. ಟನೆಲ್‌ನ ಹೆಡರ್ ಸೇರುವುದರಿಂದ 1500 ಬೈಟ್‌ನ ಪ್ಯಾಕೆಟ್ ಒಳಗೆ ಹಿಡಿಯುವುದಿಲ್ಲ. ವೈರ್‌ಗಾರ್ಡ್ ಅನ್ನುವ ಟನೆಲ್ ಸಾಫ್ಟ್‌ವೇರ್ ಅದಕ್ಕೇ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ, ಇದನ್ನು ಸರಿ ಮಾಡದಿದ್ದರೆ ಕೆಲವು ಸೈಟ್ ತೆರೆದು ಕೆಲವು ತೆರೆಯದ ಕಾಟ ಶುರುವಾಗುತ್ತದೆ. ಲಿಂಕ್‌ಗಳ ವೇಗ ಬೇರೆ ಇದ್ದರಂತೂ ಹುಷಾರು. 100 ಮತ್ತು 20ನ್ನು ಸರದಿ ಪ್ರಕಾರ ಸಮ ಹಂಚಿದರೆ 120 ಬರುವುದಿಲ್ಲ, ನಿಧಾನದ್ದರ ಎರಡು ಪಟ್ಟು, ಅಂದರೆ 40ಕ್ಕೆ ನಿಲ್ಲುತ್ತದೆ. ದೊಡ್ಡ ಫೈಲ್ ದಿನವಿಡೀ ಮೇಲಕ್ಕೆ ಕಳಿಸುವ ಕೆಲಸ ನಿಮ್ಮದಲ್ಲದಿದ್ದರೆ ಈ ತಂಟೆಗೆ ಹೋಗಬೇಡಿ.

ಅದಕ್ಕಿಂತ ಮುಖ್ಯವಾದದ್ದು ಎರಡು ಇವೆ. ಒಂದು, ಎರಡೂ ಕಂಪನಿಯ ಫೈಬರ್ ಒಂದೇ ಕಂಬದ ಮೇಲೆ, ಒಂದೇ ಪೈಪಿನಲ್ಲಿ ಬಂದಿದೆಯಾ ನೋಡಿ. ಹಾಗಿದ್ದರೆ ಒಂದು ಗುದ್ದಲಿ ಏಟಿಗೆ ಎರಡೂ ಹೋಗುತ್ತವೆ. ಎರಡು, ಲಿಂಕ್ ಬದುಕಿದೆಯಾ ಅಂತ ರೌಟರ್ ಏನನ್ನು ನೋಡಿ ಹೇಳುತ್ತಿದೆ? ಎದುರಿನ ಮೋಡೆಮ್‌ಗೆ ಪಿಂಗ್ ಮಾಡುತ್ತಿದ್ದರೆ ಪ್ರಯೋಜನವಿಲ್ಲ, ಆಚೆ ಫೈಬರ್ ತುಂಡಾದರೂ ಮೋಡೆಮ್ ಉತ್ತರ ಕೊಡುತ್ತಲೇ ಇರುತ್ತದೆ. ಕಂಪನಿಯ ಜಾಲ ದಾಟಿ ಹೊರಗಿರುವ ಎರಡು ಐಪಿಗಳಿಗೆ ಪಿಂಗ್ ಇಡಿ.

ಬದಲಾವಣೆಗಳನ್ನು ಯಾರೂ ಇಲ್ಲದ ಹೊತ್ತಿನಲ್ಲಿ ಮಾಡಿ. ಮೊದಲು ಎರಡನೇ ಕೇಬಲ್ ಕಿತ್ತಿಡಿ. ಬಾಂಡ್ ಅರ್ಧ ಮಾತ್ರ ಆಗಿರುವಾಗ ಎರಡೂ ಕೇಬಲ್ ಇದ್ದರೆ ಲೂಪ್ ಆಗಿ, ಅಂದರೆ ಪ್ಯಾಕೆಟ್‌ಗಳು ಸುತ್ತುತ್ತಲೇ ಇದ್ದು, ಇಡೀ ನೆಟ್‌ವರ್ಕ್ ಮಲಗಬಹುದು. ರೌಟರ್ ಮತ್ತು ಸ್ವಿಚ್ ಎರಡರಲ್ಲೂ ಎಲ್‌ಎಸಿಪಿ, ಫಾಸ್ಟ್, ಹೊಸ ಹ್ಯಾಷ್ ಹಾಕಿದ ಮೇಲೆ ಕೇಬಲ್ ಚುಚ್ಚಿ. ಆಮೇಲೆ ನಾಲ್ಕೈದು ಪಿಸಿಗಳಿಂದ ಒಟ್ಟಿಗೆ ಕಾಪಿ ಶುರುಮಾಡಿ, ಎರಡು ಪೋರ್ಟ್‌ನ ಬೈಟ್ ಎಣಿಕೆಯೂ ಏರುತ್ತಿದೆಯಾ ನೋಡಿ. ಕಾಪಿ ನಡೆಯುತ್ತಿರುವಾಗಲೇ, ಧೈರ್ಯ ಮಾಡಿ, ಒಂದು ಕೇಬಲ್ ಎಳೆದುಬಿಡಿ. ಒಂದು ಕ್ಷಣ ಕಾಪಿ ತಡವರಿಸಿ ಮತ್ತೆ ಓಡಬೇಕು. ಸಾಧ್ಯವಾದರೆ ಆ ಹೊತ್ತಿಗೆ ಮಾಲೀಕರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.